ಅಲ್ಲಾಲ್ ಭಾವ ಕೂಗಿದ ಸಂಜೆ

ನಮ್ಮ ಭಾವ ಅಲ್ಲಾಲ್‌ನ ವಿಷಯದಲ್ಲಿ ಊರಿನಲ್ಲಿ ಎರಡು ಮಾತು ಓಡಾಡುತ್ತವೆ. ಮರಾಕೆಶ್ ಪಕ್ಕದ ನಮ್ಮ ಇಡೀ ರಹಾಮ್ನಾ ಸೀಮೆಯಲ್ಲಿ ಅವನಂಥ ಸವಾರ ಹುಟ್ಟಿಲ್ಲ ಎಂಬುದು ಒಂದು. ಪಾಪ, ದೇವರು ಅವನಿಗೆ ಹೀಗೆ ಮಾಡಬಾರದಿತ್ತು ಎಂಬುದು ಇನ್ನೊಂದು. ಮೊದಲನೆಯದು ನಿಜ. ಎರಡನೆಯದನ್ನು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ನಾನು ಮಬಾರ್ಕಾ, ಅವನ ಹೆಂಡತಿ ಫತ್ನಾಳ ತಂಗಿ. ನಡೆದದ್ದು ನನಗೆ ಗೊತ್ತು. ಅದರಲ್ಲಿ ದೇವರ ಕೈವಾಡ ಎಷ್ಟು ಎಂಬುದನ್ನು ದೇವರೇ ನೋಡಿಕೊಳ್ಳಲಿ, ಮನುಷ್ಯರ ಪಾಲನ್ನು ನಾನು ಹೇಳುತ್ತೇನೆ.

ಅಲ್ಲಾಲ್ ನಮ್ಮ ಮನೆಗೆ ಬಂದದ್ದು ಅಳಿಯನಾಗಿ ಅಲ್ಲ, ಲಾಯದ ಆಳಾಗಿ. ಹೊಲವಿಲ್ಲ, ಮನೆಯಿಲ್ಲ, ಕಾಲಿನ ಚಪ್ಪಲಿಯಲ್ಲಿ ಒಂದು ಇನ್ನೊಂದರ ಜೋಡಿಯಲ್ಲ. ಆದರೆ ಕುದುರೆಯ ಮೇಲೆ ಕೂತರೆ ಅದಕ್ಕೂ ಅವನಿಗೂ ಒಂದೇ ಬೆನ್ನುಮೂಳೆ ಎನ್ನಬೇಕು. ನಮ್ಮ ಅಪ್ಪ ಊರಿನ ಸವಾರರ ಸಾಲಿಗೆ ಮುಕದ್ದಮ, ಅಂದರೆ ಯಜಮಾನ. ಸಾಲು ಎಂದರೆ ಹತ್ತು ಹನ್ನೆರಡು ಕುದುರೆ ಭುಜಕ್ಕೆ ಭುಜ ತಾಗಿಸಿಕೊಂಡು ಮೈದಾನದ ಆ ತುದಿಯಿಂದ ಈ ತುದಿಗೆ ನಾಗಾಲೋಟದಲ್ಲಿ ಬರುವುದು. ಕೊನೆಯಲ್ಲಿ ಮುಕದ್ದಮ ಒಂದು ಕೂಗು ಹಾಕುತ್ತಾನೆ. ಆ ಕೂಗಿಗೆ ಎಲ್ಲರೂ ಜೀನಿನ ರಿಕಾಪಿನಲ್ಲಿ ಕಾಲೂರಿ ಎದ್ದು ನಿಂತು ಬಂದೂಕು ಹಾರಿಸಬೇಕು. ಒಳಗೆ ಗುಂಡಿಲ್ಲ, ಬರೀ ಮದ್ದು. ಹನ್ನೆರಡು ಬಂದೂಕಿನಿಂದ ಬರುವ ಸದ್ದು ಮಾತ್ರ ಒಂದೇ ಇರಬೇಕು. ಎರಡಾಗಿ ಕೇಳಿಸಿತೋ, ಸುತ್ತ ನಿಂತ ಮುದುಕರು ಬಿಡುವುದಿಲ್ಲ: "ಏನ್ರೋ, ಕಡಲೆ ಹುರೀತಿದ್ದೀರಾ?"

ಸಾಲಿಗೆ ನಮ್ಮ ಅಪ್ಪ ಒಂದು ಕಟ್ಟಳೆ ಮಾಡಿದ್ದರು. ಓಟ ಮುಗಿದಾಗ ಯಾರ ಬಂದೂಕು ಮಾತಾಡಲಿಲ್ಲವೋ ಅವನು ಆ ಕ್ಷಣವೇ ಕೆಳಗಿಳಿಯಬೇಕು. ಬಂದೂಕನ್ನು ಎರಡೂ ಕೈಯಲ್ಲಿ ಅಡ್ಡ ಹಿಡಿದು, ಅಷ್ಟೂ ಜನ ನೋಡುತ್ತಿರುವಾಗ ನಡೆದು ಬಂದು ಮುಕದ್ದಮನಿಗೆ ಒಪ್ಪಿಸಬೇಕು. ಮುಕದ್ದಮನೇ ಒಳಗಿನ ಮದ್ದನ್ನು ತೆಗೆದು ನೆಲಕ್ಕೆ ಸುರಿಯಬೇಕು. ನೋಡುವವರಿಗೆ ಅದು ಅವಮಾನ. ಅಪ್ಪನಿಗೆ ಅದು ಲೆಕ್ಕಾಚಾರ. ಹೊಗೆಯಲ್ಲಿ ಯಾರ ಬಂದೂಕು ಸುಮ್ಮನಿತ್ತು ಎಂದು ಯಾರಿಗೂ ಕಾಣುವುದಿಲ್ಲ. ಮಾನಕ್ಕೆ ಅಂಜಿ ಸುಮ್ಮನಿದ್ದುಬಿಟ್ಟರೆ, ಮುಂದಿನ ಓಟಕ್ಕೆ ಹಳೆಯ ಮದ್ದಿನ ಮೇಲೆ ಹೊಸ ಮದ್ದು ಬೀಳುತ್ತದೆ. ಆಗ ಬಂದೂಕಿನ ನಳಿಗೆ ಸಿಡಿದು ಸೀಳುತ್ತದೆ. ನಮ್ಮ ಚಿಕ್ಕಪ್ಪ ಸತ್ತದ್ದು ಹಾಗೆಯೇ. ಅವನ ಹೆಸರನ್ನು ನಮ್ಮ ಮನೆಯಲ್ಲಿ ಆಮೇಲೆ ಯಾವ ಮಗುವಿಗೂ ಇಟ್ಟಿಲ್ಲ.

ಅಪ್ಪನಿಗೆ ಗಂಡು ಮಕ್ಕಳಿರಲಿಲ್ಲ. ಸಾಯುವ ಮುಂಚೆ ಫತ್ನಕ್ಕನನ್ನು ಅಲ್ಲಾಲ್‌ಗೆ ಕೊಟ್ಟರು, ಜೊತೆಗೆ ಸಾಲನ್ನೂ ಬೆಳ್ಳಿ ಪಟ್ಟಿಯ ಬಂದೂಕನ್ನೂ ಕೊಟ್ಟರು. ಆಳಾಗಿ ಬಂದವನು ಯಜಮಾನನಾದ. ಅವತ್ತಿನಿಂದ ಅವನ ಕತ್ತು ಬಗ್ಗಿದ್ದನ್ನು ನಾನು ನಮಾಜಿನಲ್ಲಿ ಮಾತ್ರ ನೋಡಿದ್ದೇನೆ. ಆಳಾಗಿದ್ದವನಿಗೆ ಯಜಮಾನಿಕೆ ಸಿಕ್ಕರೆ ಅದನ್ನು ಹೆಂಡತಿಗಿಂತ ಬಿಗಿಯಾಗಿ ತಬ್ಬಿಕೊಳ್ಳುತ್ತಾನೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎನ್ನುವ ಹಾಗೆ, ಮನೆಯಲ್ಲಿ ಜೋಳದ ಗಂಜಿ ಕುಡಿದ ವರ್ಷವೂ ಅವನ ಬೂದು ಕುದುರೆಗೆ ಬಾರ್ಲಿ ತಪ್ಪಲಿಲ್ಲ. ಅಕ್ಕ ಒಮ್ಮೆ ಕೇಳಿಯೇಬಿಟ್ಟಳು: "ನಾನೂ ನಾಕು ಕಾಲಲ್ಲಿ ನಿಂತ್ಕೊಂಡ್ರೆ ನಂಗೂ ಬಾರ್ಲಿ ಸಿಗುತ್ತಾ?" ಅವನು ನಗಲಿಲ್ಲ. ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು.

ಕಟ್ಟಳೆಯಲ್ಲಿ ಮಾತ್ರ ಅವನು ಅಪ್ಪನನ್ನೂ ಮೀರಿಸಿದ. ಸ್ವಂತ ಅಣ್ಣನನ್ನೇ ಉರುಸಿನ ಮೈದಾನದ ಉದ್ದಕ್ಕೂ ನಡೆಸಿದ್ದಾನೆ. ಅಣ್ಣ ಅವತ್ತಿನಿಂದ ಮಾತು ಬಿಟ್ಟ. ಬಿಡಲಿ ಎಂದ.

ಅಕ್ಕನಿಗೆ ಹುಟ್ಟಿದ ಮಕ್ಕಳಲ್ಲಿ ಉಳಿದದ್ದು ರಹ್ಹಾಲ್ ಒಬ್ಬ. ಅವನನ್ನು ಸಾಲಿಗೆ ಸೇರಿಸುವ ಮಾತು ಬಂದಾಗ ಅಕ್ಕ ಬಾಗಿಲಿಗೆ ಅಡ್ಡ ನಿಂತಳು. "ಚಿಕ್ಕಪ್ಪನ ಮುಖಕ್ಕೆ ಬಟ್ಟೆ ಹೊದಿಸಿ ತಂದಿದ್ದನ್ನ ನಾನು ನೋಡಿದೀನಿ. ನನ್ನ ಮಗನ್ನ ಕಳಿಸಲ್ಲ" ಎಂದಳು. ಅಲ್ಲಾಲ್ ಬೆಳ್ಳಿ ಪಟ್ಟಿಯ ಬಂದೂಕಿನ ಮೇಲೆ ಕೈಯಿಟ್ಟು ಹೇಳಿದ: "ನಾನಿರೋ ಸಾಲಲ್ಲಿ ಮೂಗ ಬಂದೂಕು ಮೇಲೆ ಮದ್ದು ಬೀಳಲ್ಲ ಕಣೆ. ಇದು ನಿಮ್ಮಪ್ಪನ ಕಟ್ಟಳೆ, ನನ್ನ ಮಾತು." ಆ ಮಾತಿನ ಮೇಲೆ ಅವಳು ಬಾಗಿಲು ಬಿಟ್ಟಳು. ಅಷ್ಟರ ಮೇಲೆಯೇ ಬಿಟ್ಟಳು, ಬೇರೆ ಯಾವುದರ ಮೇಲೂ ಅಲ್ಲ.

ಮಗನಿಗೆ ಅವನು ಕಲಿಸಿದ ರೀತಿ ನೋಡಬೇಕಿತ್ತು. ಎಲ್ಲರೂ ಒಂದೇ ತಟ್ಟೆಯ ಸುತ್ತ ಕೂತು ಉಣ್ಣುತ್ತಿರುವಾಗ ಇದ್ದಕ್ಕಿದ್ದ ಹಾಗೆ ಆ ಕೂಗು ಹಾಕುತ್ತಿದ್ದ. ಹುಡುಗ ಕೈಯಲ್ಲಿದ್ದದ್ದನ್ನು ಬಿಟ್ಟು, ಇಲ್ಲದ ಬಂದೂಕನ್ನು ಎತ್ತಿ ಬೆರಳು ಎಳೆಯಬೇಕು. ತಡವಾದರೆ ತಲೆಗೊಂದು ಮೊಟಕು. "ಯೋಚನೆ ಮಾಡ್ಬೇಡ್ವೋ! ಯೋಚನೆ ಮಾಡ್ದೋನು ತಡವಾಗಿ ಹೊಡೀತಾನೆ. ಕಿವಿಯಿಂದ ನೇರ ಬೆರಳಿಗೆ ಹೋಗ್ಬೇಕು" ಎನ್ನುತ್ತಿದ್ದ. ಅಕ್ಕನ ಸಾರಿನ ಬಟ್ಟಲುಗಳು ಎಷ್ಟು ಒಡೆದವೋ. ಕೊನೆಗೆ ಹುಡುಗ ನಿದ್ದೆಯಲ್ಲಿದ್ದರೂ ಕೂಗಿಗೆ ಬೆರಳು ಮಡಚುತ್ತಿದ್ದ. ನಮಗೆ ಅದೊಂದು ತಮಾಷೆ. ನೆಂಟರು ಬಂದರೆ ಮಾಡಿ ತೋರಿಸುತ್ತಿದ್ದೆವು.

ಆಮೇಲೆ ಮಳೆ ಕೈಕೊಟ್ಟ ವರ್ಷಗಳು ಬಂದವು, ಉರುಸುಗಳು ಸಣ್ಣಗಾದವು, ಮರಾಕೆಶ್ ಊರಾಚೆಯ ಖರ್ಜೂರದ ತೋಪಿನಲ್ಲಿ ಪ್ರವಾಸಿಗರಿಗೆಂದು ದೊಡ್ಡ ಡೇರೆಗಳ ಊಟದ ಜಾಗ ಎದ್ದಿತು. ಮೊದಲು ಅಲ್ಲಿಗೆ ಕೆಲಸಕ್ಕೆ ಹೋದದ್ದು ನಾನು. ಗಂಡ ತೀರಿಕೊಂಡಿದ್ದ, ಗೋಧಿ ರವೆಯ ಕುಸ್‌ಕುಸ್ ಹಬೆಗೆ ಹಾಕುವ ಕೈ ಚೆನ್ನಾಗಿತ್ತು. ಮೂರು ಸಲ ಹಬೆ, ಮೂರು ಸಲ ಬೆರಳಿಂದ ಬಿಡಿಸುವುದು. ಹಂಡೆಗೂ ಮೇಲಿನ ಜರಡಿ ಪಾತ್ರೆಗೂ ನಡುವೆ ಹಿಟ್ಟು ಮೆತ್ತಿದ ಬಟ್ಟೆ ಸುತ್ತಿ ಹಬೆ ಹೊರಹೋಗದಂತೆ ಕಟ್ಟುವುದು. ಇಷ್ಟೆಲ್ಲ ಮಾಡಿ ಕಳಿಸಿದರೆ ಆ ಜನ ಅದಕ್ಕೆ ಚಮಚ ಹಾಕಿ ಕಲಸಿ, ಫೋಟೊ ತೆಗೆದು, ಅರ್ಧ ಬಿಡುತ್ತಾರೆ. ಬಿಡಲಿ, ನನಗೇನು.

ಅಲ್ಲಿ ಎಲ್ಲಕ್ಕೂ ಒಂದು ಕ್ರಮವಿತ್ತು. ಸಾರು, ಬೇಯಿಸಿದ ಇಡೀ ಕುರಿ, ಕುಸ್‌ಕುಸ್. ಉಣ್ಣುವಾಗ ಬೆಟ್ಟದ ಕಡೆಯವರ ತಮಟೆ, ಬಯಲಿನ ಹೆಂಗಸರ ಹಾಡು, ಜೊತೆಗೆ ನಮ್ಮ ಸೀಮೆಯಲ್ಲಿ ಯಾರೂ ಕಂಡಿರದ ಒಂದು ಹೊಟ್ಟೆ ಕುಣಿತ. ಊಟವಾದ ಮೇಲೆ ಎಲ್ಲರನ್ನೂ ಮೈದಾನದ ಸುತ್ತ ಕೂರಿಸಿ ಕುದುರೆ. ಕುದುರೆ ಆದ ಮೇಲೆ ಚಹಾ. ಮ್ಯಾನೇಜರ್ ತೌಫೀಕ್, ಪೇಟೆಯ ಹುಡುಗ. ಕೆಟ್ಟವನೇನಲ್ಲ. ಕುದುರೆ ಕಂಡರೆ ಕಾಲು ನೋವು ಎನ್ನುತ್ತಾರಲ್ಲ, ಅವನಿಗೆ ಕುದುರೆ ಕಂಡರೆ ಮೂಗು ಸೋರುತ್ತಿತ್ತು. ಕರವಸ್ತ್ರ ಹಿಡಿದುಕೊಂಡೇ ಅಲ್ಲಾಲ್‌ನ ಸಾಲನ್ನು ಗೊತ್ತು ಮಾಡಿದ. ದಿನಕ್ಕೆ ಎರಡು ಓಟ.

ಮೊದಲ ತಿಂಗಳಲ್ಲೇ ಒಬ್ಬನ ಬಂದೂಕು ಸುಮ್ಮನಾಯಿತು. ಅವನು ಕಟ್ಟಳೆಯ ಪ್ರಕಾರ ಇಳಿದು, ದೀಪಗಳ ಬೆಳಕಿನಲ್ಲಿ ನಡೆದು ಬಂದ. ಕೂತಿದ್ದವರಿಗೆ ಅರ್ಥವಾಗಲಿಲ್ಲ. ಕೆಲವರು ನಕ್ಕರು, ಒಬ್ಬಳು ಅಯ್ಯೋ ಎಂದಳು. ತೌಫೀಕ್ ಅಡಿಗೆಮನೆಯ ಹಿಂದೆ ಭಾವನನ್ನು ಹಿಡಿದ.

"ಏನ್ ಅಜ್ಜಾ ಇದು? ಬಂದೋರು ಖುಷಿಪಡೋಕೆ ಬಂದಿರ್ತಾರೆ. ಇಲ್ಲಿ ಯಾರೂ ತಪ್ಪು ಮಾಡಿದೋರ ಮೆರವಣಿಗೆ ನೋಡೋಕೆ ಬಂದಿಲ್ಲ."

"ಇದು ಕಟ್ಟಳೆ ಸ್ವಾಮಿ."

"ಕಟ್ಟಳೆ ನಿಮ್ಮೂರಲ್ಲಿ ಇಟ್ಕೊಳಿ. ಇಲ್ಲಿ ಯಾರೂ ನಡೆಯಂಗಿಲ್ಲ. ಬಂದೂಕು ಹೊಡೀಲಿಲ್ಲ ಅಂದ್ರೆ ಹೊಡೆದ ಹಾಗೇ ನಗ್ತಾ ಹೋಗಿ, ಹೊಗೇಲಿ ಯಾರಿಗೆ ಕಾಣುತ್ತೆ?"

ಅಲ್ಲಾಲ್ ಅವತ್ತು ನನ್ನ ಒಲೆಯ ಪಕ್ಕ ಬಂದು ಕೂತ. ಬಿಟ್ಟು ಹೋಗುತ್ತಾನೆಂದು ನಾನು ಅಂದುಕೊಂಡೆ. ಬಿಟ್ಟು ಹೋಗಿದ್ದರೆ ಕುದುರೆಗಳನ್ನು ಮಾರಬೇಕಿತ್ತು, ಸಾಲು ಒಡೆಯುತ್ತಿತ್ತು. ಕೊನೆಗೆ ಒಂದು ನಡುದಾರಿ ಹುಡುಕಿದ. ಓಟ ಮುಗಿಸಿ ಸವಾರರೆಲ್ಲ ದೀಪಗಳ ಹಿಂದೆ, ಅಡಿಗೆಮನೆಯ ಗೋಡೆಯಾಚೆ ಕತ್ತಲಲ್ಲಿ ಮದ್ದು ತುಂಬಿಕೊಳ್ಳುತ್ತಿದ್ದರು. ಅಲ್ಲೇ, ಬಂದೂಕು ಮಾತಾಡದವನು ಕೈಯೆತ್ತಿ ಹೇಳಬೇಕು ಎಂದು ಸಾಲಿಗೆ ತಿಳಿಸಿದ. ಹೇಳುತ್ತಿದ್ದರು ಕೂಡ. ಅಕ್ಕನಿಗೆ ಮಾತ್ರ ಈ ಬದಲಾವಣೆಯನ್ನು ಅವನು ತಿಳಿಸಲಿಲ್ಲ.

ವರ್ಷಗಳು ಕಳೆದ ಹಾಗೆ ಅವನ ಬಲಗೈಗೆ ನಡುಕ ಬಂತು. ಮದ್ದು ನಳಿಗೆಗಿಂತ ಹೆಚ್ಚಾಗಿ ತೊಡೆಯ ಮೇಲೆ ಬೀಳುತ್ತಿತ್ತು. ಆಗ ರಹ್ಹಾಲ್, ಯಾರೂ ಹೇಳದೆಯೇ, ಅಪ್ಪನ ಬಂದೂಕಿಗೂ ತಾನೇ ತುಂಬತೊಡಗಿದ. ಅಪ್ಪ ಕುದುರೆಯ ಮೇಲೇ ಕೂತಿರುತ್ತಿದ್ದ, ಮಗ ಕೆಳಗೆ ನಿಂತು ತುಂಬಿ ಮೇಲಕ್ಕೆ ಕೊಡುತ್ತಿದ್ದ. ಅದರ ಬಗ್ಗೆ ಇಬ್ಬರೂ ಒಂದು ಮಾತೂ ಆಡಿದವರಲ್ಲ. ತೌಫೀಕ್‌ನ ಕಣ್ಣಿಗೆ ಆ ನಡುಕ ಬೀಳದೆ ಇರಲಿಲ್ಲ.

"ಅಜ್ಜಾ, ಸಾಕು ಮಾಡಿ. ಗೇಟಲ್ಲಿ ಒಳ್ಳೇ ಬಟ್ಟೆ ಹಾಕ್ಕೊಂಡು ನಿಂತ್ಕೊಳಿ, ಬಂದೋರು ಜೊತೇಲಿ ನಿಂತು ಫೋಟೊ ತೆಗೆಸ್ಕೋತಾರೆ. ಆರಾಮ" ಎಂದ.

ಒಳ್ಳೆಯ ಮನಸ್ಸಿನಿಂದಲೇ ಅಂದಿರಬೇಕು. ಆದರೆ ಭಾವನ ಮುಖ ನೋಡಿದೆ ನಾನು. ಗೇಟಿನ ಬಳಿ ಗೊಂಬೆಯ ಹಾಗೆ ನಿಲ್ಲುವುದೆಂದರೆ ಅವನಿಗೆ ಮತ್ತೆ ಲಾಯದ ಆಳಾದ ಹಾಗೆ.

"ಇನ್ನೊಂದು ಸಲ ಏನಾದ್ರೂ ಎಡವಟ್ಟಾದ್ರೆ ನಾನೇ ಕೇಳಲ್ಲ, ಗೇಟಿಗೆ ಹಾಕ್ತೀನಿ" ಎಂದು ನಗುತ್ತ ಸೇರಿಸಿದ ತೌಫೀಕ್.

ಆ ಸಂಜೆ ಬಂದದ್ದು ಅದಾದ ವಾರದೊಳಗೆ. ಬೇಸಿಗೆಗೆ ಮುಂಚಿನ ದಿನಗಳು, ಮೂರು ಬಸ್ಸು ಜನ. ರಹ್ಹಾಲ್ ಎಂದಿನಂತೆ ಹಿಂಬಾಗಿಲಿನಿಂದ ಅಡಿಗೆಮನೆಗೆ ನುಗ್ಗಿ ಕುರಿಯ ಪಕ್ಕೆಯಿಂದ ಒಂದು ಚೂರು ಕಿತ್ತುಕೊಂಡ. ಇಪ್ಪತ್ತು ದಾಟಿದ ಗಂಡಸು, ಮೀಸೆ ಬಂದಿದೆ, ಕಳ್ಳತನ ಮಾತ್ರ ಹಾಗೇ.

"ಕೈ ಮುರೀತೀನಿ ನೋಡು. ಅದು ಅತಿಥಿಗಳದ್ದು."

"ಅವ್ರು ಅರ್ಧ ಬಿಡ್ತಾರೆ ಅಂತ ನೀನೇ ಬೈತಿರ್ತೀಯಲ್ಲ ಚಿಕ್ಕಮ್ಮಾ. ಆ ಅರ್ಧನ ನಾನು ಮೊದ್ಲೇ ತಿಂತಿದೀನಿ."

"ಮದುವೆ ಮಾಡ್ಕೊ, ಹೆಂಡ್ತಿ ಹಾಕ್ತಾಳೆ."

"ಅಪ್ಪನ ಕುದುರೆ ಒಪ್ಪಿದ್ರೆ ಮಾಡ್ಕೋತೀನಿ. ನಮ್ಮನೇಲಿ ಬಾರ್ಲಿ ಅದರ ಪಾಲಾದ್ಮೇಲೆ ತಾನೆ ಮಿಕ್ಕೋರಿಗೆ" ಎಂದು ಬೆರಳು ನೆಕ್ಕಿದ. ಆಮೇಲೆ ಕೈಕಾಲು ಮುಖ ತೊಳೆದು, ಮಿಕ್ಕವರ ಜೊತೆ ಗೋಡೆಯಾಚೆ ನಮಾಜಿಗೆ ನಿಂತ. ಹಾಗೆ ಶುಚಿಯಾಗದೆ ನಮ್ಮವರು ಮದ್ದು ಮುಟ್ಟುವುದಿಲ್ಲ. ಬಿಳಿಯ ಬಟ್ಟೆಯಲ್ಲಿ ಅಪ್ಪ ಮಗ ಪಕ್ಕಪಕ್ಕ ಬಾಗಿ ಏಳುವುದನ್ನು ಹಬೆಯ ನಡುವಿನಿಂದ ನೋಡಿದೆ.

ಮೊದಲ ಓಟದ ಸದ್ದು ನನಗೆ ಅಡಿಗೆಮನೆಯಲ್ಲೇ ಕೇಳಿಸಿತು. ಒಂದೇ ಸದ್ದು, ಸ್ವಚ್ಛವಾಗಿತ್ತು. ಚಪ್ಪಾಳೆ ಬಿತ್ತು. ಸವಾರರು ಗೋಡೆಯ ಹಿಂದಕ್ಕೆ ಬಂದು ಮದ್ದು ತುಂಬಿಕೊಂಡು ಮತ್ತೆ ಹೊರಟರು. ಅವತ್ತು ಯಾರೂ ಕೈಯೆತ್ತಿದ ಸುದ್ದಿ ಇಲ್ಲ. ನಾನು ಚಹಾಕ್ಕೆ ಪುದೀನ ತೊಳೆಯುತ್ತಿದ್ದೆ. ಎರಡನೆಯ ಓಟದ ಗೊರಸಿನ ಸದ್ದು, ಅಲ್ಲಾಲ್ ಭಾವನ ಕೂಗು, ಆಮೇಲೆ ಸಿಡಿತ. ಈ ಸಲ ಅದು ಒಂದು ಸದ್ದಲ್ಲ. ಅದರೊಳಗೆ ಇನ್ನೊಂದು, ತಗಡು ಹರಿದಂಥ ಸದ್ದಿತ್ತು. ಚಿಕ್ಕಪ್ಪ ಸತ್ತ ದಿನ ನಾನು ಅಮ್ಮನ ಸೊಂಟದ ಮೇಲಿದ್ದೆ. ಅದನ್ನು ಕೇಳಿದ ನೆನಪಿಲ್ಲ ಎಂದೇ ತಿಳಿದಿದ್ದೆ. ಆದರೆ ಪುದೀನ ಕೈಯಿಂದ ಜಾರಿತು, ನಾನು ಓಡಿದೆ.

ರಹ್ಹಾಲ್ ದೀಪಗಳ ಕೆಳಗೆ ಬೆನ್ನ ಮೇಲೆ ಬಿದ್ದಿದ್ದ. ಗಂಟಲಿನಿಂದ ಕಿವಿಯವರೆಗೆ ಏನೂ ಉಳಿದಿರಲಿಲ್ಲ. ಅಲ್ಲಾಲ್ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಅಂಗೈಯಿಂದ ಆ ಗಾಯವನ್ನು ಮುಚ್ಚಲು ನೋಡುತ್ತಿದ್ದ. ರಕ್ತ ಬೆರಳುಗಳ ನಡುವೆ ಬರುತ್ತಲೇ ಇತ್ತು. ಕೂತಿದ್ದವರು ಚಪ್ಪಾಳೆ ತಟ್ಟುತ್ತಿದ್ದರು. ಇದೂ ಆಟದ ಭಾಗ ಎಂದುಕೊಂಡರೇನೋ. ಕೂಡಲೇ ಕೆಲವರು ನಿಲ್ಲಿಸಿದರು, ಮಿಕ್ಕವರು ಅವರನ್ನು ನೋಡಿ ನಿಲ್ಲಿಸಿದರು. ತೌಫೀಕ್ ಓಡಿ ಬಂದು ನೋಡಿ, ಓಡಿ ಹೋಗಿ ಹಾಡುವ ಹೆಂಗಸರನ್ನು ಮೈದಾನಕ್ಕೆ ಬೆನ್ನು ಮಾಡಿ ನಿಲ್ಲಿಸಿ ಹಾಡಿಸಿದ. ಎಲ್ಲರನ್ನೂ ಚಹಾಕ್ಕೆ ಕರೆದೊಯ್ದರು. ನಾನು ತೊಳೆದಿಟ್ಟ ಪುದೀನವನ್ನೇ ಹಾಕಿ ಯಾರೋ ಚಹಾ ಮಾಡಿದರು.

ಆಂಬುಲೆನ್ಸ್ ಮರಾಕೆಶ್ ಊರಿನ ಬಾಗಿಲು ಮುಟ್ಟುವ ಮೊದಲೇ ಹುಡುಗ ಹೋದ.

ಸೀಳಿದ ಬಂದೂಕು ಬೆಳ್ಳಿ ಪಟ್ಟಿಯದು, ನಮ್ಮ ಅಪ್ಪ ಭಾವನಿಗೆ ಕೊಟ್ಟದ್ದು. ಅದು ಸಿಕ್ಕದ್ದು ರಹ್ಹಾಲ್‌ನ ಕೈಯ ಕೆಳಗೆ. ರಹ್ಹಾಲ್‌ನ ಬಂದೂಕು ಅಲ್ಲಾಲ್‌ನ ಹತ್ತಿರ ಇತ್ತು. ಪೊಲೀಸರು ಕೇಳಿದಾಗ ಅಲ್ಲಾಲ್ ಬಾಯಿ ತೆರೆಯಲಿಲ್ಲ. ದುಃಖ ಎಂದು ಬಿಟ್ಟರು. ತೌಫೀಕ್ ಹೇಳಿದ, ಹುಡುಗ ಪ್ರಾಯದವನು, ಜನರೆದುರು ದೊಡ್ಡ ಬೆಂಕಿ ಕಾಣಲಿ ಎಂದು ಮದ್ದು ಹೆಚ್ಚು ಹಾಕಿಕೊಂಡಿರಬೇಕು, ಅಪ್ಪನ ಒಳ್ಳೆಯ ಬಂದೂಕನ್ನೂ ತೆಗೆದುಕೊಂಡಿರಬೇಕು. ಮಿಕ್ಕ ಸವಾರರಿಗೂ ಕತ್ತಲಲ್ಲಿ ಏನೂ ಕಂಡಿರಲಿಲ್ಲ, ಅವರೂ ಹೌದು ಎಂದರು. ಹೂತು ಬರುವಷ್ಟರಲ್ಲಿ ಈ ಮಾತು ನಮ್ಮ ಊರಿಗೆ ನಮಗಿಂತ ಮುಂಚೆ ಬಂದು ಕೂತಿತ್ತು.

ಮೂರು ದಿನ ನಮ್ಮ ಮನೆಯ ಒಲೆ ಹಚ್ಚಲಿಲ್ಲ. ನೆರೆಯವರು ಕುಸ್‌ಕುಸ್ ಹೊತ್ತು ತಂದರು. ಮೂರನೆಯ ದಿನ ತೌಫೀಕ್ ಕೂಡ ನಮ್ಮಲ್ಲಿ ಸಾವಿನ ಮನೆಗೆ ಒಯ್ಯುವ ಸಕ್ಕರೆಯ ಗೋಪುರದಚ್ಚುಗಳನ್ನು ಹಿಡಿದುಕೊಂಡು ಬಂದು ಗಂಡಸರ ನಡುವೆ ಕೂತ. ಅವನು ನಿಜವಾಗಿಯೂ ಅಳುತ್ತಿದ್ದ, ಕುದುರೆಯ ದೆಸೆಯಿಂದ ಸೋರುವ ಮೂಗಲ್ಲ. ಹೆಂಗಸರ ಕಡೆ ಒಬ್ಬಳು ಮುದುಕಿ ಅಕ್ಕನ ಬೆನ್ನು ಸವರುತ್ತ ಹೇಳಿದಳು: "ಏನ್ ಮಾಡ್ತೀಯ ತಾಯಿ, ಹುಡುಗ ಬುದ್ಧಿ. ಅಪ್ಪ ಇರೋವಾಗ್ಲೇ ಅಪ್ಪನ ಬಂದೂಕಿಗೆ ಆಸೆಪಟ್ಟ."

ಅಕ್ಕ ಅಲ್ಲಿಯವರೆಗೆ ಒಂದು ಕಡೆ ನೋಡುತ್ತ ಕೂತವಳು ತಲೆಯೆತ್ತಿದಳು.

"ಆಸೆಪಟ್ಟ?" ಎಂದಳು. "ಆರನೇ ವಯಸ್ಸಿಂದ ಆ ಬಂದೂಕು ಒರೆಸಿ ಗೋಡೆಗೆ ನೇತು ಹಾಕ್ತಿದ್ದೋನು ಅವ್ನು. ಒಂದಿನ ಹೆಗಲಿಗೆ ಇಟ್ಕೊಂಡೋನಲ್ಲ."

ಮುದುಕಿ ಕೈ ತೆಗೆದಳು. ಸತ್ತವನಿಗೆ ಉಳಿಯುವುದು ಹೆಸರೊಂದು. ಅದನ್ನೂ ನಮ್ಮ ಅಂಗಳದಲ್ಲೇ ಕೂತು, ನಮ್ಮ ಲೋಟದಲ್ಲೇ ಚಹಾ ಕುಡಿಯುತ್ತ ತಿನ್ನುತ್ತಿದ್ದರು.

ಮಧ್ಯಾಹ್ನ ಬಂದವರೆಲ್ಲ ಎದ್ದು ಹೋದ ಮೇಲೆ ಅಕ್ಕ ನನ್ನ ಕೈ ಹಿಡಿದುಕೊಂಡು ಲಾಯದ ಕಡೆ ನಡೆದಳು. ಅಲ್ಲಾಲ್ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ. ಬಿಸಿಲು ಮುಖದ ಮೇಲೆ ಬಿದ್ದಿತ್ತು, ಜರುಗಿರಲಿಲ್ಲ. ಅಕ್ಕ ಎದುರಿಗೆ ನೆಲದಲ್ಲೇ ಕೂತಳು.

"ನಿಮ್ಮ ಬಂದೂಕು ಅವನ ಕೈಗೆ ಹೇಗೆ ಹೋಯ್ತು?"

ಅವನು ನನ್ನ ಕಡೆ ನೋಡಿದ. ನಾನು ಕದಲಲಿಲ್ಲ.

"ನಂಗೆ ಹೇಳಿ. ಊರಿಗೆ ಬೇಡ, ನಂಗೆ" ಎಂದಳು ಅಕ್ಕ.

ಅವನು ಹೇಳಿದ. ತಡವರಿಸಲಿಲ್ಲ. ಮೂರು ದಿನ ಒಳಗೇ ಹೇಳಿಕೊಂಡು ಹೇಳಿಕೊಂಡು ಅದು ನುಣ್ಣಗಾಗಿತ್ತು ಎನಿಸುತ್ತದೆ.

"ಮೊದಲ ಓಟದಲ್ಲಿ ನನ್ನ ಬಂದೂಕು ಮಾತಾಡ್ಲಿಲ್ಲ. ಎಳೆದೆ, ಟಕ್ ಅಂತು, ಅಷ್ಟೇ. ಮಿಕ್ಕೋರ ಹೊಗೇಲಿ ಯಾರಿಗೂ ಗೊತ್ತಾಗ್ಲಿಲ್ಲ. ಗೋಡೆ ಹಿಂದೆ ಬಂದ್ವಿ. ಹೇಳ್ಬೇಕು ಅಂತ ಬಾಯಿಗೆ ಬಂತು. ಸಾಲೆಲ್ಲ ಸುತ್ತ ಇತ್ತು, ತೌಫೀಕ್ ಅಲ್ಲೇ ದೀಪದ ಹತ್ರ ನಿಂತಿದ್ದ. ಇಷ್ಟು ವರ್ಷ ಎಲ್ರನ್ನೂ ನಡೆಸ್ದೋನು ನಾನು. ಬಾಯಿ ಬರ್ಲಿಲ್ಲ. ಅವನು ಕೈ ಚಾಚ್ದ, ಕೊಟ್ಬಿಟ್ಟೆ."

"ಮದ್ದು ಹಾಕ್ದ?"

"ಹಾಕ್ದ. ಆಮೇಲೆ ಮದ್ದು ಕುಟ್ಟೋ ಕೋಲು ಒಳಗೆ ಬಿಟ್ಟ. ಅದು ಹೋಗ್ಬೇಕಾದಷ್ಟು ಹೋಗ್ಲಿಲ್ಲ, ಎತ್ತರದಲ್ಲೇ ನಿಂತ್ಕೊಳ್ತು. ಹಳೇ ಮದ್ದು ಒಳಗೇ ಇದೆ ಅಂತ ಅವನಿಗೆ ಗೊತ್ತಾಯ್ತು. ತಲೆಯೆತ್ತಿ ನನ್ನ ನೋಡ್ದ. ನಾನು ಕುದುರೆ ಕಿವಿ ನೋಡ್ತಾ ಕೂತಿದ್ದೆ."

ಅಕ್ಕ ಅವನ ಹತ್ತಿರಕ್ಕೆ ಸರಿದು ಕೂತಳು.

"ಒಂದ್ ಮಾತಾಡ್ಲಿಲ್ಲ ಅವ್ನು. ಕೇಳಿದ್ರೆ ಎಲ್ರಿಗೂ ಕೇಳ್ಸೋದು ಅಂತ. ತನ್ನ ಬಂದೂಕು ತುಂಬಿ ನನ್ನ ಕೈಗೆ ಕೊಟ್ಟ. ನನ್ನದು ತಾನು ಇಟ್ಕೊಂಡ. ಕತ್ತಲಲ್ಲಿ ನೋಡ್ದೆ ತಗೊಂಡೆ. ಅಷ್ಟರಲ್ಲಿ ಹೊರಡೋ ಹೊತ್ತಾಯ್ತು."

"ಆಗ ನಿಮಗೆ ಗೊತ್ತಿರ್ಲಿಲ್ಲ."

ಅಕ್ಕ ಹಾಗೆ ಅಂದಾಗ ಅವಳ ದನಿಯಲ್ಲಿ ಒಂದು ಆಸೆ ಇತ್ತು. ಇಷ್ಟಾದರೂ ಗಂಡನನ್ನು ಕ್ಷಮಿಸಲು ಒಂದು ಜಾಗ ಹುಡುಕುತ್ತಿದ್ದಳು. ಅವನು ಹೂಂ ಎಂದುಬಿಟ್ಟಿದ್ದರೆ ನಾವು ಯಾರೂ ಬೇರೆ ತಿಳಿಯುತ್ತಿರಲಿಲ್ಲ. ನಾನಂತೂ ಮನಸ್ಸಿನಲ್ಲಿ ಹೂಂ ಅನ್ನೋ ಮಾರಾಯ, ಸುಳ್ಳಾದರೂ ಹೇಳು ಎಂದುಕೊಂಡೆ.

"ಗೊತ್ತಾಯ್ತು" ಎಂದ. "ಅರ್ಧ ದಾರೀಲಿ ಬಂದೂಕು ಎತ್ತಿದಾಗ ಅಂಗೈಗೆ ಬೆಳ್ಳಿ ಸಿಗ್ಲಿಲ್ಲ. ಪಕ್ಕಕ್ಕೆ ನೋಡ್ದೆ. ದೀಪದ ಬೆಳಕಿಗೆ ಅವನ ಕೈಲಿ ಬೆಳ್ಳಿ ಹೊಳೀತು."

"ಮತ್ತೆ?"

"ಕೂಗ್ದೆ."

ಲಾಯದೊಳಗೆ ಕುದುರೆ ಸೀನಿತು. ಅಕ್ಕ ಎರಡೂ ಕೈಯನ್ನು ನೆಲಕ್ಕೆ ಊರಿದಳು.

"ಅವನು ಎಳೆಯಲ್ಲ ಅಂದ್ಕೊಂಡೆ ಕಣೆ. ಗೊತ್ತಿದ್ದೇ ಇಟ್ಕೊಂಡಿದಾನೆ, ಸುಮ್ನೆ ಎತ್ತಿ ಹಿಡೀತಾನೆ, ಎಳೆಯಲ್ಲ ಅಂತ. ಅವನೂ ಹಾಗೇ ಅಂದ್ಕೊಂಡಿದ್ದ ಅನ್ಸುತ್ತೆ."

"ಕೂಗಿದ ಮೇಲೆ ಎಳೆಯದೆ ಇರೋದನ್ನ ಅವನಿಗೆ ಯಾರು ಕಲಿಸಿದ್ರು?"

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂದು ಹಿರಿಯರು ಹೇಳುತ್ತಾರೆ. ಮಾನಕ್ಕೆ ಹೋದ ಮಗನನ್ನು ಏನು ಕೊಟ್ಟರೆ ತರಬಹುದು ಎಂದು ಯಾವ ಹಿರಿಯರೂ ಹೇಳಿಲ್ಲ. ನಾನು ಅಕ್ಕನ ಭುಜ ಹಿಡಿಯಲು ಹೋದೆ, ಅವಳು ಕೈ ಕೊಡವಿದಳು. ಅವಳು ಅಳುತ್ತಿರಲಿಲ್ಲ. ಅವಳ ದನಿ, ಸಂತೆಯಲ್ಲಿ ಏನೋ ವಿಚಾರಿಸುವವಳ ದನಿಯ ಹಾಗೆ, ತೀರ ಸಾಧಾರಣವಾಗಿತ್ತು.

"ನೀನು ಕೂಗದೆ ಇದ್ದಿದ್ರೆ ಏನಾಗ್ತಿತ್ತು?"

"ಯಾವ ಬಂದೂಕೂ ಹಾರ್ತಿರ್ಲಿಲ್ಲ. ಸಾಲು ಸುಮ್ನೆ ಬಂದು ನಿಂತಿರೋದು."

"ಆಮೇಲೆ?"

"ಜನ ನಗ್ತಿದ್ರು. ತೌಫೀಕ್ ನನ್ನ ತೆಗೆದು ಹಾಕ್ತಿದ್ದ."

"ಆಮೇಲೆ?"

ಇಷ್ಟು ದೂರ ಅವನು ಯಾವತ್ತೂ ಯೋಚಿಸಿರಲಿಲ್ಲ ಎಂದು ಆಗ ನನಗೆ ತಿಳಿಯಿತು.

"ಆಮೇಲೆ ಏನಿಲ್ಲ. ಚಹಾ ಕುಡಿದು ಅವರೆಲ್ಲ ಬಸ್ಸು ಹತ್ತಿ ಹೋಗ್ತಿದ್ರು."

"ರಹ್ಹಾಲ್?"

"ಮನೆಗೆ ಬರ್ತಿದ್ದ" ಎಂದ ಅಲ್ಲಾಲ್.